ಹರಿವಿನಲ್ಲಿ ಹರಿಗೋಲು

(ಇಬ್ರಿಯರಿಗೆ ಬರೆದ ಪತ್ರಿಕೆ, ೨ನೆಯ ಅಧ್ಯಾಯ, ೧ನೆಯ ವಚನದ ಮೇಲೆ)



ಮೇಲೆ ತೋರಿಸಿದ ವಚನವನ್ನು ನಿಮ್ಮ ನಿಮ್ಮ ಸತ್ಯವೇದದಲ್ಲಿ ತೆರೆದು ಎರಡು ಸಾರಿ ಓದಿಕೊಳ್ಳಿರಿ. ಓದಬಾರದವರು ಓದಬಲ್ಲ ಮಕ್ಕಳಿಂದ ಓದಿಸಿ ಕೇಳಿರಿ. ನಾವು ಕೇಳಿದ ಸುವಾರ್ತೆಗೆ ಮತ್ತಷ್ಟು ಮನಸ್ಸುಕೊಡದೆ ಹೋದರೆ ಅದರಿಂದ ದೂರವಾಗುವ ಅಪಾಯವುಂಟೆಂಬದು ಅದರ ತಾತ್ಪರ್ಯ. ಮೂಲ ಗ್ರೀಕ್ ಭಾಷೆಯಲ್ಲಿ ಅಲ್ಲಿರುವ ಮಾತು ಹರಿಯುವ ನೀರಿಗೆ ಸೇರಿದ್ದು. ನಿಲ್ಲಬೇಕಾದ ಸ್ಥಳದ ಪಕ್ಕದಲ್ಲಿಯೇ ತೇಲಿ ಅದನ್ನು ದಾಟಿ ಹೋಗಿಬಿಡುವದು ಎಂದು ಅದರ ಅರ್ಥ. ಪತ್ರಿಕೆಯನ್ನು ಬರೆದವನು ಕ್ರಿಸ್ತನನ್ನು ಬಹಿರಂಗವಾಗಿ ನಿರಾಕರಿಸಿದವರಿಗೆ ಈ ಮಾತನ್ನು ಬರೆಯಲಿಲ್ಲ. ಸಭೆಯೊಳಗೆ ಕೂತಿದ್ದವರಿಗೆ, ಯಾವ ದೊಡ್ಡ ಪಾಪವನ್ನೂ ಮಾಡದವರಿಗೆ, ಆದರೆ ಕಡದಿಂದ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಹೋಗುತ್ತಿದ್ದವರಿಗೆ ಬರೆದನು. ಆದಕಾರಣ ಇದು ನಮಗೆ ಸೇರಿದ ಮಾತು.

ಗುಂಡ್ಲುಪೇಟೆಯ ಸೀಮೆಯವರು, “ಹೊಲಕ್ಕೆ ಮಳೆ ಬಂದರೆ ಸಾಕೆಂದು ಆಕಾಶವನ್ನು ನೋಡುವ ನಮಗೆ ದೋಣಿಯ ಮಾತು ಯಾಕಯ್ಯಾ?” ಎಂದು ನಗಬಹುದು. ನಗಲಿ. ಗುಂಡ್ಲುಹೊಳೆಯು ವರುಷದಲ್ಲಿ ಹೆಚ್ಚು ಕಾಲ ಒಣಗಿ ಬಿದ್ದಿರುವದು ನಿಜವೇ. ಆದರೂ ಅದರಲ್ಲಿ ಹರಿದ ನೀರು ನಂಜನಗೂಡಿನ ಹತ್ತಿರ ಕಬಿನಿಯನ್ನು ಸೇರುವದು, ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವದು. ಚಾಮರಾಜನಗರದವರ ಸುವರ್ಣಾವತಿಯೂ ಕೊಳ್ಳೇಗಾಲದ ಸೀಮೆಯಲ್ಲಿ ಅದೇ ಕಾವೇರಿಗೆ ಬೀಳುವದು. ನಮ್ಮವರು ಕೂಲಿಗೂ ನೆಂಟರ ಮನೆಗೂ ಆ ಕಡೆ ಹೋಗಿಬರುವವರೇ. ನಮ್ಮ ಯೌವನಸ್ಥರಲ್ಲಿ ಕೆಲವರು ಬೇಸಿಗೆಯಲ್ಲಿ ಕೂಲಿಯಿಲ್ಲದ ದಿನ ಸುವರ್ಣಾವತಿಯ ಅಣೆಕಟ್ಟಿನ ಹಿನ್ನೀರಿಗಾಗಲಿ, ಕೊಳ್ಳೇಗಾಲದ ಕಡೆಯ ಹೊಳೆದಂಡೆಗಾಗಲಿ ಹೋಗಿ, ಬೆಸ್ತರ ಸಂಗಡ ಹರಿಗೋಲಿನಲ್ಲಿ ಕೂತು ಬಲೆ ಹಾಕುವದುಂಟು. ಅವರ ತಾಯಂದಿರು ಅವರು ಬರುವ ತನಕ ಬಾಗಲಲ್ಲಿ ನಿಂತಿರುವದೂ ಉಂಟು. ಹೀಗಿರುವಲ್ಲಿ ಈ ಪ್ರಸಂಗದಲ್ಲಿ ಆತ್ಮಕ್ಕೂ ದೇಹಕ್ಕೂ ಬೇಕಾದದ್ದನ್ನು ಒಟ್ಟಿಗೆ ಹೇಳುವದು ತಪ್ಪಾಗಲಾರದು.

ಹರಿಗೋಲನ್ನು ನೀವು ಬಲ್ಲಿರಿ, ಕೆಲವರು ತೆಪ್ಪವೆನ್ನುವರು. ಬಿದಿರಿನ ದಬ್ಬೆಗಳನ್ನು ಹೆಣೆದು ಮಾಡಿದ ದೊಡ್ಡ ಪುಟ್ಟಿಯಂತೆ ಅದು ದುಂಡಗಿರುವದು. ಪೂರ್ವದಲ್ಲಿ ಅದರ ಹೊರಗೆ ಚರ್ಮವನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ಬಂದ ದೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸನು ತುಂಗಭದ್ರೆಯನ್ನು ಜನರು ದಾಟುವ ಇಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಇದಕ್ಕೆ ಮುಂಭಾಗವಿಲ್ಲ, ಹಿಂಭಾಗವಿಲ್ಲ, ನೀರನ್ನು ಸೀಳುವ ಅಡಿಗಂಬವೂ ಇಲ್ಲ. ಅದನ್ನು ಅದರ ಪಾಡಿಗೆ ಬಿಟ್ಟರೆ ತಿರುಗುತ್ತಾ ತಿರುಗುತ್ತಾ ನೀರು ಕರೆದ ಕಡೆಗೆ ಹೋಗುವದು. ಅಂಬಿಗನು ಅಂಚಿನಲ್ಲಿ ಮೊಣಕಾಲೂರಿ ಒಂದೇ ಹುಟ್ಟನ್ನು ತನ್ನ ಮುಂದೆ ಎಡಕ್ಕೂ ಬಲಕ್ಕೂ ಎಳೆಯುತ್ತಿರುವ ತನಕ ಮಾತ್ರವೇ ಅದಕ್ಕೆ ಒಂದು ಮುಖವೆಂಬದಿರುವದು. ಮನುಷ್ಯನ ಮನಸ್ಸೂ ಇಂಥದ್ದೇ ಎಂದು ಅನುಭವದಿಂದ ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹರಿವಿನಲ್ಲಿ ಹೋಗುವವನಿಗೆ ಮೊದಲನೆಯ ಅಪಾಯವು ಬಂಡೆಯಲ್ಲ, ಸುಳಿಯಲ್ಲ. ತಾನು ಹೋಗುತ್ತಿರುವೆನೆಂಬದು ಅವನಿಗೆ ತಿಳಿಯದೆ ಇರುವದೇ. ಹೇಗಂದರೆ, ದೋಣಿಯೂ ನೀರೂ ಒಂದೇ ವೇಗದಲ್ಲಿ ಸಾಗುವದರಿಂದ ದೋಣಿಯ ಸುತ್ತಲಿನ ನೀರು ನಿಂತ ಹಾಗೆ ಕಾಣುವದು. ಪಕ್ಕದಲ್ಲಿ ತೇಲುವ ಎಲೆಯೂ ಪಕ್ಕದಲ್ಲಿಯೇ ಇರುವದು. ಮೀನುಗಾರನು ಬಲೆಯ ಸಿಕ್ಕನ್ನು ಬಿಡಿಸುತ್ತಾ ತಲೆ ಬಗ್ಗಿಸಿ ಕೂತಿದ್ದಾನೆ, ಎಲ್ಲವೂ ಸಮಾಧಾನವಾಗಿದೆ. ತಲೆಯೆತ್ತಿದಾಗ ತಾನು ಹತ್ತಿದ ಕಡವು ಕಾಣುವದಿಲ್ಲ. ಶಿವನಸಮುದ್ರದ ಮೇಲ್ಗಡೆಯಲ್ಲಿ ನದಿಯು ಎಷ್ಟು ಅಗಲವಾಗಿ ಎಷ್ಟು ಮೆಲ್ಲಗೆ ಹರಿಯುವದೆಂದು ನೋಡಿದವರಿಗೆ ಗೊತ್ತು. ಗಗನಚುಕ್ಕಿಯೂ ಭರಚುಕ್ಕಿಯೂ ಕೆಳಗಿರುವದನ್ನು ಆ ನೀರು ಹೇಳುವದಿಲ್ಲ.

ಆದದರಿಂದ ಅನುಭವಸ್ಥನಾದ ಅಂಬಿಗನು ನೀರನ್ನು ನೋಡುವದಿಲ್ಲ, ದಂಡೆಯನ್ನು ನೋಡುತ್ತಾನೆ. ದಂಡೆಯ ಮೇಲೆ ಒಂದು ಮರವನ್ನು ಗುರುತುಮಾಡಿಕೊಂಡು, ಅದರ ಹಿಂದೆ ದೂರದಲ್ಲಿ ಒಂದು ಬಂಡೆಯನ್ನೋ ಮನೆಯ ಮೂಲೆಯನ್ನೋ ಗುರುತಿಸುತ್ತಾನೆ. ಎರಡೂ ಒಂದೇ ಸಾಲಿನಲ್ಲಿರುವ ತನಕ ದೋಣಿಯು ಇದ್ದಲ್ಲಿಯೇ ಇದೆ. ಮರವು ಬಂಡೆಯಿಂದ ಸರಿಯಿತೋ, ದೋಣಿಯು ಸರಿದಿದೆ. ಮರವು ನಡೆಯುವದಿಲ್ಲವಷ್ಟೆ.

ನಮ್ಮ ಸಭೆಗಳಲ್ಲಿ ಯಾರಾದರೂ ಒಂದೇ ದಿನದಲ್ಲಿ ಕರ್ತನನ್ನು ಬಿಟ್ಟದ್ದುಂಟೋ? ನಾನು ಕಾಣೆನು. ಸುಗ್ಗಿಯ ತಿಂಗಳಲ್ಲಿ ಎರಡು ಭಾನುವಾರ ತಪ್ಪುವದು. ರಾಗಿ ಒಕ್ಕಣೆ ಮುಗಿದ ಮೇಲೆಯೂ ಕಾಲು ಆ ಕಡೆ ತಿರುಗುವದಿಲ್ಲ. ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆಯು ಮಕ್ಕಳಿಗೆ ನಿದ್ರೆ ಬಂತೆಂದು ಒಂದು ದಿನ ನಿಲ್ಲುವದು. ಸಂತೆಯಿಂದ ಬರುವಾಗ ಸ್ನೇಹಿತರ ಬಲವಂತಕ್ಕೆ ಒಂದು ಲೋಟ ಕುಡಿಯುವನು. ಮಗಳ ಮದುವೆಯನ್ನು ಊರವರ ಸಮಕ್ಕೆ ಮಾಡಬೇಕೆಂದು ಬಡ್ಡಿಗೆ ಸಾಲ ತರುವನು. ಈಗಿನ ಹುಡುಗರಾದರೋ ಮೊಬೈಲಿನಲ್ಲಿ ಜೂಜಾಡಿ ಅಪ್ಪನ ಕೂಲಿಹಣವನ್ನು ಕಳೆಯುವರು. ಇವುಗಳಲ್ಲಿ ಯಾವ ದಿನವೂ “ಇಂದು ನಾನು ಕರ್ತನನ್ನು ಬಿಟ್ಟೆನು” ಎಂದು ಯಾರೂ ಹೇಳಿಕೊಳ್ಳುವದಿಲ್ಲ. ಅಕ್ಕಪಕ್ಕದವರನ್ನು ನೋಡಿದರೆ ಅವರೂ ಜೊತೆಯಲ್ಲಿಯೇ ತೇಲುತ್ತಿದ್ದಾರೆ, ಮನಸ್ಸಿಗೆ ಸಮಾಧಾನವಿದೆ. ದೇಮನನ್ನು ನೆನಸಿರಿ. ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಅವನನ್ನು ಜೊತೆಗೆಲಸದವರಲ್ಲಿ ಎಣಿಸಿದನು. ಕೊಲೊಸ್ಸೆಯವರಿಗೆ ಬರೆದದ್ದರಲ್ಲಿ ಲೂಕನನ್ನು ಪ್ರಿಯನೆಂದು ಕರೆದು, ದೇಮನ ವಿಷಯದಲ್ಲಿ ಹೆಸರನ್ನು ಮಾತ್ರ ಬರೆದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ವೇಳೆಗೆ ದೇಮನು ಲೋಕವನ್ನು ಮೆಚ್ಚಿ ಥೆಸಲೋನಿಕಕ್ಕೆ ಹೊರಟುಹೋಗಿದ್ದನು. ನಡುವೆ ಏನಾಯಿತೆಂದು ಸತ್ಯವೇದವು ಹೇಳುವದಿಲ್ಲ. ಹೇಳುವಂಥ ದೊಡ್ಡದೇನೂ ಆಗದೆ ಇದ್ದಿರಬಹುದು.

ಹಾಗಾದರೆ ದಂಡೆಗೆ ಕಟ್ಟಿದ ದೋಣಿಯಲ್ಲಿಯೇ ಕೂತಿರೋಣವೇ? ಅದೂ ಆಗದು. ಕಟ್ಟಿದ ದೋಣಿಯಿಂದ ಮೀನು ಸಿಕ್ಕುವದಿಲ್ಲ. ಗೆಂಡೆಯೂ ಬಾಳೆಮೀನೂ ಮಡುವಿನಲ್ಲಿರುವವು, ಮಡುವು ಹೊಳೆಯ ನಡುವೆ ಇರುವದು. ಕರ್ತನು ಪೇತ್ರನಿಗೆ ಆಳವಾದ ಸ್ಥಳಕ್ಕೆ ದೋಣಿಯನ್ನು ನಡಿಸೆಂದು ಅಪ್ಪಣೆಕೊಟ್ಟದ್ದನ್ನು ಲೂಕನ ಸುವಾರ್ತೆಯಲ್ಲಿ ಓದಿದ್ದೀರಿ. ತನ್ನ ಶಿಷ್ಯರನ್ನು ಲೋಕದೊಳಗಿಂದ ತೆಗೆದುಬಿಡಬೇಕೆಂದು ಆತನು ತಂದೆಯನ್ನು ಬೇಡಿಕೊಳ್ಳಲಿಲ್ಲ, ಕೆಡುಕನಿಂದ ಕಾಪಾಡಬೇಕೆಂದು ಬೇಡಿಕೊಂಡನು (ಯೋಹಾನ ೧೭:೧೫). ನಾವು ಊರಿನ ಜನರೊಂದಿಗೆ ಕಳೆ ಕೀಳಬೇಕು, ಸಂತೆ ಮಾಡಬೇಕು, ಅವರ ಕಷ್ಟಸುಖಕ್ಕೆ ನಿಲ್ಲಬೇಕು. ಹರಿವಿನಲ್ಲಿ ಇಳಿಯುವದೇ ನಮ್ಮ ಕಸುಬು. ಇಳಿದ ಮೇಲೆ ದೋಣಿಯು ಯಾರ ಕೈಯಲ್ಲಿದೆ ಎಂಬದೇ ಪ್ರಶ್ನೆ.

ಬಲ್ಲವನು ನೀರಿನ ವೇಗಕ್ಕೆ ತನ್ನ ವೇಗವನ್ನು ಕೂಡಿಸುವದಿಲ್ಲ. ನೀರು ಬರುವ ದಿಕ್ಕಿಗೆ ಮುಖವಿಟ್ಟು, ಅದಕ್ಕೆ ಎದುರಾಗಿ ಮೆಲ್ಲಗೆ ಹುಟ್ಟು ಎಳೆಯುತ್ತಾ ಬರುತ್ತಾನೆ. ಹೀಗೆ ನೀರು ಹತ್ತು ಮಾರು ಹೋಗುವಷ್ಟರಲ್ಲಿ ದೋಣಿಯು ನಾಲ್ಕು ಮಾರು ಹೋಗುವದು. ಬಲೆ ಹಾಕುವದಕ್ಕೂ, ಮುಂದಿರುವ ಬಂಡೆಯನ್ನು ಕಂಡು ಪಕ್ಕಕ್ಕೆ ಸರಿಯುವದಕ್ಕೂ ಸಮಯ ಸಿಕ್ಕುವದು. ಕೆಳಗೇನಿದೆಯೆಂದು ಆಗಾಗ್ಗೆ ತಿರುಗಿ ನೋಡುತ್ತಾನೆ. ಯಾವ ಕಡದಲ್ಲಿ ಇಳಿಯಬೇಕೆಂಬದನ್ನು ದೋಣಿ ಹತ್ತುವ ಮುಂಚೆಯೇ ನಿಶ್ಚಯಿಸಿರುತ್ತಾನೆ. ಇಬ್ಬರಿದ್ದರೆ ಒಬ್ಬನ ಕೈಯಿಂದ ಹುಟ್ಟು ತಪ್ಪುವದೇ ಇಲ್ಲ, ಮತ್ತೊಬ್ಬನೇ ಬಲೆಯನ್ನು ನೋಡಿಕೊಳ್ಳುವನು. ಎದ್ದು ನಿಂತು ಬೀಸುಬಲೆ ಎಸೆಯುವದು ನೋಡುವವರಿಗೆ ಚೆಂದ, ದುಂಡು ದೋಣಿಗೆ ಮೃತ್ಯು. ಕೂತೇ ಎಸೆಯಿರಿ, ಇಬ್ಬರೂ ಒಂದೇ ಪಕ್ಕಕ್ಕೆ ಬಾಗಬೇಡಿರಿ. ನೀರಿನೊಳಗೆ ಬಾಗಿರುವ ಮರಗಳ ಮತ್ತು ಮುಳುಗಿದ ಪೊದೆಗಳ ಹತ್ತಿರ ಹೋಗಬೇಡಿರಿ. ಅವುಗಳ ಸಂದಿನಲ್ಲಿ ನೀರು ದಾಟಿಹೋಗುವದು, ಮನುಷ್ಯನು ಸಿಕ್ಕಿಕೊಳ್ಳುವನು. ದೋಣಿಯು ಬಂಡೆಗೆ ಒತ್ತಿಕೊಂಡರೆ ಹೆದರಿದವನು ಬಂಡೆಯಿಂದ ದೂರಕ್ಕೆ ಬಾಗುವನು. ಆಗ ಮೇಲ್ಗಡೆಯ ಅಂಚು ತಗ್ಗಿ ನೀರು ಒಳನುಗ್ಗುವದು. ಬಾಗಬೇಕಾದದ್ದು ಬಂಡೆಯ ಕಡೆಗೇ. ಕೀರ್ತನೆಗಳನ್ನು ಹಾಡುವ ಜನರಿಗೆ ಇದನ್ನು ಹೇಳುವಾಗ ನನ್ನ ಬಾಯಿ ತಾನೇ ನಗುತ್ತದೆ.

ಇನ್ನು ಮುಖ್ಯವಾದದ್ದು. ಹಿನ್ನೀರಿನಲ್ಲಿ ಅಥವಾ ದೊಡ್ಡ ಕೆರೆಯಲ್ಲಿ ದೋಣಿಯನ್ನು ತಳ್ಳುವದು ಗಾಳಿ. ನೀರು ಬಹುಮಟ್ಟಿಗೆ ನಿಂತಿರುವದು. ಅಲ್ಲಿ ಬಾಯಿತೆರೆದ ಗೋಣಿಚೀಲವನ್ನಾಗಲಿ ಬಕೆಟ್ಟನ್ನಾಗಲಿ ಹಗ್ಗಕ್ಕೆ ಕಟ್ಟಿ ಗಾಳಿ ಬರುವ ಪಕ್ಕದಲ್ಲಿ ನೀರೊಳಗೆ ಬಿಟ್ಟರೆ, ಅದು ನೀರನ್ನು ತುಂಬಿಕೊಂಡು ದೋಣಿಯ ಓಟವನ್ನು ಚೆನ್ನಾಗಿ ತಗ್ಗಿಸುವದು. ಇದನ್ನು ಕಂಡ ಒಬ್ಬನು ಹೊಳೆಯಲ್ಲಿಯೂ ಹಾಗೆಯೇ ಮಾಡಿದನೆಂದಿಟ್ಟುಕೊಳ್ಳಿರಿ. ಏನಾಗುವದು? ಏನೂ ಆಗುವದಿಲ್ಲ! ಯಾಕಂದರೆ ಹೊಳೆಯಲ್ಲಿ ನೀರೇ ಹೋಗುತ್ತಿದೆ. ಚೀಲವೂ ನೀರಿನಲ್ಲಿಯೇ ಇದೆ. ನೀರು, ಚೀಲ, ದೋಣಿ ಮೂರೂ ಕೂಡಿಕೊಂಡು ಜಲಪಾತಕ್ಕೆ ಹೋಗುವವು. ಹಗ್ಗ ಬಿಗಿದಿದೆ, ಕಟ್ಟು ಭದ್ರವಾಗಿದೆ, ಆದರೂ ಪ್ರಯೋಜನವಿಲ್ಲ. ಹರಿವಿನಲ್ಲಿ ನಿಲ್ಲಬೇಕಾದರೆ ತಾನೇ ಹರಿಯದಂಥದ್ದನ್ನು ಹಿಡಿದಿರಬೇಕು. ಅದು ನೀರಿನ ಅಡಿಯಲ್ಲಿರುವ ನೆಲ, ಇಲ್ಲವೆ ದಂಡೆ.

ಸಹೋದರರೇ, ನಮ್ಮಲ್ಲಿ ಅನೇಕರು ತೇಲುವ ಚೀಲಕ್ಕೆ ಕಟ್ಟಿಕೊಂಡಿದ್ದೇವೆ. “ನಮ್ಮ ತಾತನು ದೀಕ್ಷಾಸ್ನಾನ ಹೊಂದಿದವನು” ಎಂಬದು ಒಂದು ಚೀಲ. “ನಮ್ಮ ಹೆಸರು ಸಭೆಯ ದಾಖಲೆಯಲ್ಲಿದೆ” ಎಂಬದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು, “ನಾನು ಉಳಿದವರಿಗಿಂತ ಕಡೆಯಾಗಿಲ್ಲ” ಎಂಬದೇ. ಉಳಿದವರು ಎಲ್ಲಿಗೆ ಹೋಗುತ್ತಿದ್ದಾರೆಂದು ಯಾರು ನೋಡಿದ್ದಾರೆ? ಕೇರಿಯ ಬೇಧವನ್ನು ಊರವರಿಂದ ಅನುಭವಿಸಿ ಕಣ್ಣೀರಿಟ್ಟ ನಾವು, ಸಭೆಯೊಳಗೆ ಬಂದ ಮೇಲೆ ಆ ಕೇರಿಯವರಿಗೆ ಹೆಣ್ಣು ಕೊಡುವದಿಲ್ಲ, ಈ ಕೇರಿಯವರ ಮನೆಯಲ್ಲಿ ಉಣ್ಣುವದಿಲ್ಲ ಎನ್ನುವದಾದರೆ, ಅದು ಯಾವ ನೀರು? ನಮ್ಮನ್ನು ಮುಳುಗಿಸಿದ ಅದೇ ನೀರಲ್ಲವೇ? “ಎಲ್ಲರೂ ಹಾಗೆಯೇ ಮಾಡುತ್ತಾರೆ” ಎಂಬ ಉತ್ತರವನ್ನು ನಾನು ಎಷ್ಟೋ ಹಳ್ಳಿಗಳಲ್ಲಿ ಕೇಳಿದ್ದೇನೆ. ಅದು ಹಗ್ಗ ಬಿಗಿಯಾದ ಚೀಲದ ಉತ್ತರ. ಇದೇ ಇಬ್ರಿಯರ ಪತ್ರಿಕೆಯ ೬ನೆಯ ಅಧ್ಯಾಯದ ಕೊನೆಯಲ್ಲಿ ನಮ್ಮ ನಿರೀಕ್ಷೆಯು ಆತ್ಮಕ್ಕೆ ಲಂಗರಿನಂತಿದೆಯೆಂದೂ, ಅದು ತೆರೆಯ ಒಳಗಡೆಗೆ, ಯೇಸು ನಮಗೋಸ್ಕರ ಮುಂದಾಗಿ ಹೋಗಿರುವ ಸ್ಥಳಕ್ಕೆ ತಲಪುವದೆಂದೂ ಬರೆದದೆ. ನೋಡಿರಿ, ಆ ಲಂಗರು ನಮ್ಮ ನೀರಿನಲ್ಲಿಲ್ಲ.

ಹೊಳೆಯ ಲಂಗರಿನ ವಿಷಯದಲ್ಲಿ ಒಂದೆರಡು ಮಾತು ಹೇಳಲೇಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುವವರು ಹಗ್ಗವನ್ನು ಉಳಿಸುವದಕ್ಕೆ ಹೋಗಿ ಪ್ರಾಣವನ್ನು ಕಳೆಯುತ್ತಾರೆ. ಹತ್ತು ಅಡಿ ಆಳಕ್ಕೆ ಹನ್ನೆರಡು ಅಡಿಯ ಹಗ್ಗ ಸಾಲದು. ಅದು ನೆಟ್ಟಗೆ ನಿಂತು ದೋಣಿಯ ಅಂಚನ್ನು ಕೆಳಕ್ಕೆ ಎಳೆಯುವದು. ಐವತ್ತು ಅರುವತ್ತು ಅಡಿ ಬಿಟ್ಟರೆ ಹಗ್ಗವು ಓರೆಯಾಗಿ ಮಲಗುವದು, ಕಲ್ಲು ಹಿಡಿಯುವದು. ನೀರು ಬರುವ ಪಕ್ಕದಿಂದ ಮಾತ್ರವೇ ಬಿಡಿರಿ. ರಭಸವಾದ ಹರಿವಿನಲ್ಲಿ ಬಿಡಲೇಬೇಡಿರಿ, ನೀರು ಮೆಲ್ಲಗಿರುವ ಕಡೆ ಮಾತ್ರ ಬಿಡಿರಿ. ಓಟವನ್ನು ತಗ್ಗಿಸುವದಕ್ಕೆ ಕಲ್ಲನ್ನು ತಳದಲ್ಲಿ ಎಳೆದುಕೊಂಡು ಹೋಗುವವರು ಹೆಚ್ಚು ಎಚ್ಚರವಾಗಿರಬೇಕು. ಕಲ್ಲು ಬಂಡೆಗಳ ಸಂದಿನಲ್ಲಿ ಸಿಕ್ಕಿದ ಗಳಿಗೆಯಲ್ಲಿ ದೋಣಿ ಮಗಚುವದು. ಆದಕಾರಣ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟಿನಿಂದ ಕಟ್ಟಿ, ಕೈಗೆ ಸಿಕ್ಕುವಂತೆ ಒಂದು ಚೂರಿಯನ್ನೂ ಇಟ್ಟುಕೊಳ್ಳಬೇಕು. ಬೀಸುಬಲೆಯ ದಾರವನ್ನು ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಳ್ಳುವ ರೂಢಿಯೂ ಬಿಡತಕ್ಕದ್ದು. ಬಲೆಗೆ ಬೆಲೆಯುಂಟು, ಆದರೆ ಬಲೆಯೊಂದಿಗೆ ಹೋದ ಕೈ ಮತ್ತೆ ಬಾರದು.

ದೃಷ್ಟಾಂತವೆಂಬದೂ ಹರಿಗೋಲಿನ ಹಾಗೆಯೇ, ಇಂತಿಷ್ಟೇ ಭಾರವನ್ನು ಹೊರುವದು. ಕಲ್ಲಿನ ಹಗ್ಗವನ್ನು ಕೊಯ್ಯುವದಕ್ಕೆ ಸಿದ್ಧರಾಗಿರಬೇಕು ಎಂದೆನು. ಕ್ರಿಸ್ತನ ವಿಷಯದಲ್ಲಿ ಹಾಗೆ ಹೇಳಲಾರೆನು. ಹೊಲ, ಹಸು, ಮನೆ, ಮಗನ ಉದ್ಯೋಗ ಇವುಗಳಿಗೆ ಜಾರುಗಂಟು ಸಾಕು. ಲೋಕವನ್ನು ಬಳಸುವವರು ಅದರಲ್ಲಿ ಮುಳುಗದವರ ಹಾಗಿರಬೇಕೆಂದು ಪೌಲನು ಕೊರಿಂಥದವರಿಗೆ ಬುದ್ಧಿಹೇಳಿದ್ದು ಇದನ್ನೇ.

“ಉಪದೇಶಿಗಳೇ, ದೇವರು ಕಾಯುವನು, ಇಷ್ಟೆಲ್ಲಾ ಯಾಕೆ?” ಎಂದು ಕೆಲವರು ಕೇಳುವದುಂಟು. ಕಾಯುವನು ಹೌದು. ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಕರ್ತನಿಗೆ ಹೇಳಿದಾಗಲೂ ಆಧಾರಕ್ಕೆ ತೆಗೆದದ್ದು ದೇವದೂತರು ಕಾಯುವರೆಂಬ ವಾಗ್ದಾನವನ್ನೇ. ಅಪೊಸ್ತಲರ ಕೃತ್ಯಗಳ ೨೭ನೆಯ ಅಧ್ಯಾಯವನ್ನು ಓದಿರಿ. ಹಡಗಿನಲ್ಲಿದ್ದ ಯಾರ ಪ್ರಾಣವೂ ಹೋಗದೆಂದು ದೇವದೂತನು ಪೌಲನಿಗೆ ರಾತ್ರಿಯಲ್ಲಿ ತಿಳಿಸಿದ್ದನು. ಆದಾಗ್ಯೂ ನಾವಿಕರು ಉಪಾಯದಿಂದ ಸಣ್ಣ ದೋಣಿಯನ್ನು ಇಳಿಸಿ ತಪ್ಪಿಸಿಕೊಳ್ಳಲು ನೋಡಿದಾಗ, ಇವರು ಹಡಗಿನಲ್ಲಿ ನಿಲ್ಲದೆ ಹೋದರೆ ನೀವು ಉಳಿಯುವದಿಲ್ಲವೆಂದು ಅದೇ ಪೌಲನು ಶತಾಧಿಪತಿಗೆ ಹೇಳಿದನು. ವಾಗ್ದಾನವೂ ಬೇಕು, ದೋಣಿ ನಡಿಸಬಲ್ಲ ಕೈಗಳೂ ಬೇಕು.

ಪೂರ್ವದಲ್ಲಿ ಈಜು ಕಲಿಯುವವರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಈಗ ಲೈಫ್ ಜಾಕೆಟ್ ಎಂಬ ತೇಲುವ ಅಂಗಿಗಳು ಸಿಕ್ಕುತ್ತವೆ. ಈಜು ಬಲ್ಲವನೂ ಅದನ್ನು ತೊಡಬೇಕು, ತಲೆಗೆ ಬಂಡೆ ಬಡಿದವನು ಈಜಲಾರನು. ನೀರಿಗೆ ಬಿದ್ದವನು ರಭಸದಲ್ಲಿ ನಿಲ್ಲಲು ಪ್ರಯತ್ನಿಸಬಾರದು, ಪಾದವು ಕಲ್ಲುಗಳ ನಡುವೆ ಸಿಕ್ಕಿಕೊಳ್ಳುವದು. ಅಂಗಾತ ಮಲಗಿ ಕಾಲುಗಳನ್ನು ಹರಿವಿನ ಕಡೆಗೆ ಚಾಚಿ, ನೀರು ಮೆಲ್ಲಗಾದ ಕಡೆ ದಂಡೆಗೆ ಸೇರಬೇಕು. ಆಕಾಶವು ತಿಳಿಯಾಗಿದೆಯೆಂದು ನಂಬಬೇಡಿರಿ. ವಯನಾಡಿನಲ್ಲಿ ಸುರಿದ ಮಳೆಯು ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟನ್ನು ತುಂಬಿಸುವದು, ಕೊಡಗಿನ ಮಳೆಯು ಕೃಷ್ಣರಾಜಸಾಗರವನ್ನು ತುಂಬಿಸುವದು; ಎರಡರ ಬಾಗಲುಗಳನ್ನೂ ತೆರೆದಾಗ ಗುಂಡ್ಲುಪೇಟೆಯಲ್ಲಿ ಬಿಸಿಲಿರುವಂತೆಯೇ ಕೊಳ್ಳೇಗಾಲದಲ್ಲಿ ಹೊಳೆಯು ಏರುವದು. ೨೦೧೮ರ ಆಗಸ್ಟ್ ತಿಂಗಳಲ್ಲಿ ದಾಸನಪುರ, ಮುಳ್ಳೂರು, ಹರಳೆ ಮುಂತಾದ ಊರುಗಳಿಗೆ ನೀರು ನುಗ್ಗಿದ್ದು ಹೀಗೆಯೇ. ನೀರು ಬಿಡುವೆವೆಂದು ಅಧಿಕಾರಿಗಳು ಸಾರಿದ ದಿನ ಯಾವ ವಿಶ್ವಾಸಿಯೂ ಹರಿಗೋಲನ್ನು ಮುಟ್ಟಬಾರದು.

ಕಡೆಗೆ ಒಂದು ಸಂಗತಿ. ಹೆರೊಡೋಟಸನೆಂಬ ಗ್ರೀಕ್ ಚರಿತ್ರಕಾರನು, ಕ್ರಿಸ್ತನಿಗೆ ನಾನೂರು ವರುಷಗಳಿಗೂ ಹಿಂದೆ, ಬಾಬೆಲಿಗೆ ಸರಕು ತರುತ್ತಿದ್ದ ದುಂಡು ದೋಣಿಗಳನ್ನು ಕುರಿತು ಬರೆದಿದ್ದಾನೆ. ಅವೂ ಚರ್ಮ ಹೊದಿಸಿದವುಗಳೇ, ಗುರಾಣಿಯಂತೆ ದುಂಡಗಿನವುಗಳೇ. ಯೂಫ್ರೇಟೀಸ್ ನದಿಯ ಹರಿವಿನೊಂದಿಗೆ ಅವು ಸುಖವಾಗಿ ಇಳಿದುಬರುವವು, ಆದರೆ ಎದುರು ನೀರಿನಲ್ಲಿ ಏರಲಾರವು. ಆದಕಾರಣ ಪ್ರತಿಯೊಂದು ದೋಣಿಯಲ್ಲಿಯೂ ಒಂದು ಕತ್ತೆಯನ್ನು ಕೂಡ ತರುತ್ತಿದ್ದರಂತೆ. ಸರಕನ್ನು ಮಾರಿದ ಮೇಲೆ ದೋಣಿಯನ್ನು ಬಿಚ್ಚಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ, ಕಾಲುನಡೆಯಿಂದ ಊರಿಗೆ ಹಿಂದಿರುಗುತ್ತಿದ್ದರಂತೆ. ನಮ್ಮ ಕಾವೇರಿಯ ದಂಡೆಯಲ್ಲಿಯೂ ಅಂಬಿಗನು ಹರಿಗೋಲನ್ನು ಕೊಡೆಯಂತೆ ತಲೆಯ ಮೇಲೆ ಕವುಚಿಕೊಂಡು ಕಲ್ಲುದಾರಿಯಲ್ಲಿ ಮೇಲಕ್ಕೆ ನಡೆಯುವದನ್ನು ನೀವು ಕಂಡಿರಬಹುದು. ಇಳಿಯುವದಕ್ಕೆ ಅರ್ಧ ಗಳಿಗೆ, ಹತ್ತುವದಕ್ಕೆ ಅರ್ಧ ದಿನ.

ತೇಲಿಹೋದ ಕುಟುಂಬವು ನಮ್ಮ ಎಲ್ಲಾ ಸಭೆಗಳಲ್ಲಿಯೂ ಒಂದೆರಡಾದರೂ ಉಂಟು. ಅವರಿಗೆ ಹಿಂದಿರುಗಲು ಮನಸ್ಸಿಲ್ಲವೆಂದು ನಾವು ಹೇಳುತ್ತೇವೆ. ನಾನು ಅದನ್ನು ಒಪ್ಪುವದಿಲ್ಲ. ಅವರು ಕಲ್ಲುದಾರಿಯನ್ನು ನೋಡಿ, ತಲೆಯ ಮೇಲಿನ ಭಾರವನ್ನೂ ನೋಡಿ ಕೂತುಬಿಟ್ಟಿದ್ದಾರೆ. ಸಾಲಗಾರನು ವಾರಕ್ಕೊಮ್ಮೆ ಬಾಗಲಿಗೆ ಬರುವನು. ಆರಾಧನೆಗೆ ಹೋದರೆ ಕಾಣಿಕೆಗೆ ಕೈಯಲ್ಲಿ ಏನೂ ಇಲ್ಲ. ಹೆಂಡತಿಗೆ ಒಳ್ಳೇ ಸೀರೆಯಿಲ್ಲ. ಹೋದ ವರುಷ ಹಿರಿಯರಲ್ಲಿ ಒಬ್ಬರು ಎಲ್ಲರ ಮುಂದೆ ಆಡಿದ ಮಾತು ಇನ್ನೂ ಚುಚ್ಚುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ೬ನೆಯ ಅಧ್ಯಾಯದ ಆರಂಭವು ಯಾರಿಗಾಗಿ ಬರೆದದ್ದು? ಹರಿಗೋಲನ್ನು ಒಬ್ಬನು ಹೊರುವದಕ್ಕಿಂತ ಇಬ್ಬರು ಹೊರುವದು ಸುಲಭ.

ಆದದರಿಂದ ಈ ತಿಂಗಳಲ್ಲಿ ಪ್ರತಿ ಸಭೆಯ ಹಿರಿಯರೂ ಸ್ತ್ರೀಯರ ಕೂಟದವರೂ ಇಬ್ಬಿಬ್ಬರಾಗಿ ಅಂಥ ಮನೆಗಳಿಗೆ ಹೋಗಲಿ. ಹೋದವರು “ಇಷ್ಟು ದಿನ ಯಾಕೆ ಬರಲಿಲ್ಲ?” ಎಂದು ಮೊದಲು ಕೇಳಬಾರದು, ಅದು ಅವರಿಗೆ ಗೊತ್ತೇ ಇದೆ. ಮಕ್ಕಳ ಆರೋಗ್ಯವನ್ನು ಕೇಳಿರಿ. ಮಳೆ ಬೆಳೆ ಕೇಳಿರಿ. ಸಾಲದ ಮಾತು ಅವರಾಗಿ ತೆಗೆದರೆ ಎಷ್ಟು, ಯಾರಿಗೆ, ಯಾವ ಬಡ್ಡಿ ಎಂದು ಸರಿಯಾಗಿ ಕೇಳಿ ತಿಳಿದುಕೊಂಡು, ಸಭೆಯಿಂದ ಏನು ಆಗಬಹುದೋ ಅದನ್ನು ಮಾತ್ರ ಹೇಳಿರಿ. ಅವರು ನೀರು ಕೊಟ್ಟರೆ ಕುಡಿಯಿರಿ, ರೊಟ್ಟಿ ಕೊಟ್ಟರೆ ಯಾವ ಕೇರಿಯೆಂದು ನೋಡದೆ ತಿನ್ನಿರಿ. ಎದ್ದು ಬರುವ ಮುಂಚೆ, ಮನೆಯವರು ಒಪ್ಪಿದರೆ, ಚಿಕ್ಕದೊಂದು ಪ್ರಾರ್ಥನೆ ಮಾಡಿರಿ. ಕೂಲಿಗೆ ಹೋದವರು ಮನೆ ಸೇರುವದು ದೀಪ ಹಚ್ಚುವ ಹೊತ್ತಿಗೆ. ಅದಕ್ಕಿಂತ ಮುಂಚೆ ಹೋದರೆ ಬೀಗವೇ ಕಾಣುವದು.